ಕಡಿಮೆ ಕೂಗಿದವರ ಕೈಯಲ್ಲಿ ಕಾಲುವೆ

ಹರಾಜಿನ ಬೋರ್ಡ್ ಗೇಮ್‌ಗಳ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಜಾಸ್ತಿ ದುಡ್ಡು ಕೂಗಿದವರಿಗೆ ಮಾಲು ಸಿಗುತ್ತದೆ, ಅಷ್ಟೇ ತಾನೆ, ಅದರಲ್ಲಿ ತಲೆ ಓಡಿಸುವುದಕ್ಕೆ ಏನಿದೆ? ಕೇಳಬೇಕಾದ ಪ್ರಶ್ನೆಯೇ ಇದು. ಇದಕ್ಕೆ ಹತ್ತಾರು ಆಟಗಳ ಪಟ್ಟಿ ಕೊಡುವುದಕ್ಕಿಂತ ಒಂದೇ ಆಟವನ್ನು ಮೇಜಿನ ಮೇಲೆ ಬಿಚ್ಚಿ ಹರಡುವುದು ಮೇಲು. ಆ ಆಟದ ಹೆಸರು ‘ಸಾಂತಿಯಾಗೊ’. ಕ್ಲೌಡಿಯಾ ಹೇಲಿ ಮತ್ತು ರೋಮನ್ ಪೆಲೆಕ್ ರೂಪಿಸಿದ ಇದನ್ನು ಜರ್ಮನಿಯ ಅಮಿಗೊ ಸಂಸ್ಥೆ 2003ರಲ್ಲಿ ಹೊರತಂದಿತು. ಬಾಳೆ, ಕಬ್ಬು, ಆಲೂಗಡ್ಡೆ, ಬೀನ್ಸ್, ಮೆಣಸಿನಕಾಯಿ ಹೀಗೆ ಐದು ಬೆಳೆಯ ತೋಟಗಳು ಸುತ್ತು ಸುತ್ತಿಗೂ ಹರಾಜಿಗೆ ಬರುತ್ತವೆ. ಎಲ್ಲರಿಗಿಂತ ಹೆಚ್ಚು ಕೂಗಿದವರು ಒಳ್ಳೆಯ ತೋಟ ಆರಿಸಿಕೊಳ್ಳುತ್ತಾರೆ. ಎಲ್ಲರಿಗಿಂತ ಕಡಿಮೆ ಕೂಗಿದವರ, ಅಥವಾ ಏನೂ ಕೂಗದೆ ಕೈಬಿಟ್ಟವರ ಪಾಲಿಗೆ ಕಾಲುವೆ ಬರುತ್ತದೆ. ನೀರು ಯಾವ ಕಡೆ ಹರಿಯಬೇಕು ಎಂದು ಆ ಸುತ್ತಿನಲ್ಲಿ ತೀರ್ಮಾನಿಸುವವರು ಅವರೇ. ನೀರು ಮುಟ್ಟದ ತೋಟ ಒಣಗುತ್ತದೆ.

ಇಷ್ಟು ಹೇಳಿದರೆ ಮೇಲಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ ಆಟದ ಒಳಗಿದೆ.

ಸಾಂತಿಯಾಗೊ ಕಲ್ಪನೆಯ ಊರಲ್ಲ. ಸೆನೆಗಲ್ ತೀರದಾಚೆ ಅಟ್ಲಾಂಟಿಕ್ ಸಾಗರದಲ್ಲಿ ಚೆದುರಿಕೊಂಡಿರುವ ಕೇಪ್ ವರ್ಡೆಯ 10 ದ್ವೀಪಗಳಲ್ಲಿ ಇದೇ ದೊಡ್ಡದು. ರಾಜಧಾನಿ ಪ್ರಾಯ ಇರುವುದೂ ಇಲ್ಲೇ. ಮಳೆ ಬಂದರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬರಬೇಕು; ಎಷ್ಟೋ ವರ್ಷ ಅದೂ ಕೈಕೊಡುತ್ತದೆ. ಪೋರ್ಚುಗೀಸರು ಬರುವ ಮುಂಚೆ ಇಲ್ಲಿ ಜನವಸತಿಯೇ ಇರಲಿಲ್ಲ. 1462ರಲ್ಲಿ ಅವರು ರಿಬೇರಾ ಗ್ರಾಂಡೆ ಎಂಬ ಊರು ಕಟ್ಟಿದರು. ಈಗ ಸಿದಾದೆ ವೆಲ್ಯಾ ಎಂದು ಕರೆಸಿಕೊಳ್ಳುವ ಆ ಹಳೆಯ ಊರು 2009ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಅಮೆರಿಕ ಖಂಡಗಳಿಗೆ ಸಾಗಿಸುವ ಗುಲಾಮರ ವ್ಯಾಪಾರಕ್ಕೆ ಅದು ದೊಡ್ಡ ಠಾಣ್ಯವಾಗಿತ್ತು, ದ್ವೀಪದ ತೋಟಗಳಲ್ಲಿ ದುಡಿದವರೂ ಅಂಥವರೇ. ಆಟದ ನಡೆಯಲ್ಲಿ ಆ ಚರಿತ್ರೆಗೆ ಜಾಗವಿಲ್ಲ. ಆಡುವವರಿಗೆ ಅದು ಗೊತ್ತಿರಬೇಕು. ಬಣ್ಣಬಣ್ಣದ ತೋಟದ ಚೌಕಗಳನ್ನು ಜೋಡಿಸುವ ಖುಷಿಯಲ್ಲಿ, ಅಂಥ ತೋಟಗಳು ಯಾರ ಬೆವರಿನಿಂದ ಎದ್ದವು ಎಂಬುದು ಮರೆತುಹೋಗಬಾರದು.

ಬರಗಾಲವಂತೂ ಆ ದ್ವೀಪಗಳ ಬದುಕಿನ ಜೊತೆಗೇ ಬಂದದ್ದು. 1940ರ ದಶಕದಲ್ಲಿ ಬೆನ್ನುಬೆನ್ನಿಗೆ ಬಂದ ಬರಗಳಲ್ಲಿ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಕೇಪ್ ವರ್ಡೆಯ ಸ್ವಾತಂತ್ರ್ಯ ಹೋರಾಟದ ನಾಯಕ ಅಮಿಲ್ಕಾರ್ ಕಾಬ್ರಾಲ್ ಎಳೆಯ ವಯಸ್ಸನ್ನು ಆ ದ್ವೀಪಗಳಲ್ಲಿ ಕಳೆದು ಆಮೇಲೆ ಲಿಸ್ಬನ್‌ನಲ್ಲಿ ಓದಿದ್ದು ಕೃಷಿ ವಿಜ್ಞಾನವನ್ನು. 1973ರಲ್ಲಿ ಅವರ ಕೊಲೆಯಾಯಿತು. 1975ರಲ್ಲಿ ದೇಶ ಸ್ವತಂತ್ರವಾಯಿತು. ಸಾಂತಿಯಾಗೊ ದ್ವೀಪದಲ್ಲಿ ಪೊಯಿಲಾವ್ ಎಂಬ ಮೊದಲ ದೊಡ್ಡ ಅಣೆಕಟ್ಟು ಉದ್ಘಾಟನೆಯಾದದ್ದು 2006ರಲ್ಲಿ, ಅಂದರೆ ಆಟ ಮಾರುಕಟ್ಟೆಗೆ ಬಂದು ಮೂರು ವರ್ಷವಾದ ಮೇಲೆ. ಅಂಥ ಊರಿನಲ್ಲಿ ತೋಟ ಎಂದರೆ ಮೊದಲು ನೀರು, ಆಮೇಲೆ ನೆಲ. ಆಟ ಹುಟ್ಟಿರುವುದು ಈ ಒಂದು ಸಂಗತಿಯಿಂದ.

ಕರ್ನಾಟಕದ ಮನೆಗಳಲ್ಲಿ ದುಡ್ಡಿನ ಆಟ ಎಂದರೆ ‘ಬಿಸಿನೆಸ್’. ಅದರ ಮೂಲವಾದ ‘ಮೊನೊಪಲಿ’ಯನ್ನು ಅಮೆರಿಕದ ಪಾರ್ಕರ್ ಬ್ರದರ್ಸ್ ಸಂಸ್ಥೆ ಮಾರಲು ಶುರುಮಾಡಿದ್ದು 1935ರಲ್ಲಿ. ಅದಕ್ಕೂ ಮುಂಚೆ, 1904ರಲ್ಲೇ, ಲಿಜ್ಜಿ ಮ್ಯಾಗಿ ಎಂಬಾಕೆ ಇಂಥದೇ ಆಟವೊಂದಕ್ಕೆ ಪೇಟೆಂಟ್ ಪಡೆದಿದ್ದಳು. ನೆಲದ ಬಾಡಿಗೆಯಿಂದ ಕೆಲವರೇ ಹೇಗೆ ಕೊಬ್ಬುತ್ತಾರೆ ಎಂದು ತೋರಿಸುವುದು ಅವಳ ಉದ್ದೇಶವಾಗಿತ್ತು. ಮೊನೊಪಲಿಯ ನಿಯಮಪುಸ್ತಕದಲ್ಲಿ ಬಹಳ ಜನ ಓದದೇ ಬಿಡುವ ಒಂದು ಸಾಲಿದೆ. ಆಟಗಾರ ತಾನು ಬಂದು ನಿಂತ ಜಾಗವನ್ನು ಕೊಳ್ಳಲು ಒಪ್ಪದಿದ್ದರೆ, ಬ್ಯಾಂಕು ಆ ಜಾಗವನ್ನು ಅಲ್ಲೇ ಹರಾಜಿಗೆ ಇಡಬೇಕು. ಎಷ್ಟೋ ಮನೆಗಳಲ್ಲಿ ಈ ಹರಾಜು ನಡೆಯುವುದೇ ಇಲ್ಲ. ಆಗ ಉಳಿಯುವುದು ದಾಳದ ಅದೃಷ್ಟ ಮತ್ತು ಚೌಕದ ಮೇಲೆ ಅಚ್ಚಾದ ಬೆಲೆ. ಯಾರು ಎಲ್ಲಿ ಬಂದು ನಿಂತರೋ ಅದು ಅವರದು.

ಹರಾಜಿನ ಆಟಗಳು ಬೇರೆ ದಾರಿ ಹಿಡಿಯುವುದು ಇಲ್ಲಿಯೇ. ಬೆಲೆಯನ್ನು ಯಾರೂ ಅಚ್ಚು ಹಾಕಿಸಿರುವುದಿಲ್ಲ, ಅದನ್ನು ಕಟ್ಟುವವರು ಮೇಜಿನ ಸುತ್ತ ಕೂತವರು. ಗಣಿತದಲ್ಲಿ ಡಾಕ್ಟರೇಟ್ ಪಡೆದ ಜರ್ಮನ್ ವಿನ್ಯಾಸಕ ರೈನರ್ ಕ್ನಿಜಿಯಾ ಇದರಲ್ಲಿ ಎತ್ತಿದ ಕೈ. 1992ರ ಅವರ ‘ಮಾಡರ್ನ್ ಆರ್ಟ್’ನಲ್ಲಿ ಒಂದೇ ಆಟದೊಳಗೆ ಹಲವು ಬಗೆಯ ಹರಾಜುಗಳಿವೆ. ಕನ್ನಡದ ಓದುಗರಿಗೆ ಈ ಬಗೆಗಳು ಹೊಸವೇನಲ್ಲ. ದೇವಸ್ಥಾನದ ಜಾತ್ರೆಯಲ್ಲಿ ನಡೆಯುವುದು ಬಾಯಿ ಕೂಗಿನ ಹರಾಜು, ದರ ಏರುತ್ತಾ ಹೋಗುತ್ತದೆ. ಎಪಿಎಂಸಿ ಯಾರ್ಡಿನ ಟೆಂಡರ್‌ನಲ್ಲಿ ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ಕೊಡುತ್ತಾರೆ. ಬೆಂಗಳೂರಿನ ಹೆಬ್ಬಾಳದ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರದಲ್ಲಿ ಹಾಲೆಂಡಿನ ಮಾದರಿ. ದರ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಹೂವು. ಸಾಂತಿಯಾಗೊದಲ್ಲಿ ಈ ಯಾವುದೂ ಅಲ್ಲದ ಇನ್ನೊಂದು ಬಗೆ ಇದೆ: ಸರದಿಯ ಹರಾಜು. ಪ್ರತಿಯೊಬ್ಬರಿಗೂ ಒಂದೇ ಸಲ ಕೂಗುವ ಅವಕಾಶ. ಒಬ್ಬರು ಹೇಳಿದ ಮೊತ್ತವನ್ನು ಇನ್ನೊಬ್ಬರು ಹೇಳುವಂತಿಲ್ಲ. ಹಿಂದಿನವರು 4 ಎಂದರೆ ಮುಂದಿನವರು 5 ಎನ್ನಬಹುದು, 3 ಎನ್ನಬಹುದು, ಇಲ್ಲವೇ ‘ಪಾಸ್’ ಎಂದು ಕೈಬಿಡಬಹುದು, 4 ಎನ್ನುವಂತಿಲ್ಲ.

ಆಟದ ಒಂದು ಸುತ್ತು ನಡೆಯುವುದು ಹೀಗೆ. ಪಟದ ಮೇಲೆ ಚೌಕಗಳ ಸಾಲು, ನಡುವೆ ಕಾಲುವೆ ಹೋಗಬಹುದಾದ ಗೆರೆಗಳು, ಒಂದು ಕಡೆ ನೀರಿನ ಬುಗ್ಗೆ. ಪ್ರತಿಯೊಬ್ಬರ ಕೈಯಲ್ಲೂ ಶುರುವಿಗೆ 10 ಎಸ್ಕುಡೊ. ಎಸ್ಕುಡೊ ಕೇಪ್ ವರ್ಡೆಯ ನಿಜವಾದ ನಾಣ್ಯವೂ ಹೌದು. ನಾಲ್ಕು ಜನ ಕೂತಿದ್ದರೆ ನಾಲ್ಕು ತೋಟದ ಚೌಕಗಳನ್ನು ತೆರೆದಿಡುತ್ತಾರೆ. ಒಂದೊಂದು ಚೌಕದ ಮೇಲೂ ಬೆಳೆಯ ಚಿತ್ರ, ಅದರ ಜೊತೆಗೆ 1 ಅಥವಾ 2 ಇಳುವರಿ. ಹರಾಜು ಮುಗಿದ ಮೇಲೆ ಹೆಚ್ಚು ಕೂಗಿದವರು ಮೊದಲು ಆರಿಸಿ ಪಟದಲ್ಲಿ ಬೇಕಾದ ಕಡೆ ಇಡುತ್ತಾರೆ, ಇಳುವರಿ ಎಷ್ಟಿದೆಯೋ ಅಷ್ಟು ತಮ್ಮ ಬಣ್ಣದ ಮರದ ಗುರುತುಗಳನ್ನು ಅದರ ಮೇಲೆ ಕೂರಿಸುತ್ತಾರೆ. ಆಮೇಲೆ ಎರಡನೆಯವರು, ಮೂರನೆಯವರು. ಪಾಸ್ ಎಂದವರಿಗೂ ಒಂದು ತೋಟ ಸಿಗುತ್ತದೆ, ಆದರೆ ಒಂದು ಗುರುತು ಕಡಿಮೆ. ಕೂಗಿದ ದುಡ್ಡೆಲ್ಲ ಬ್ಯಾಂಕಿಗೆ. ಸುತ್ತಿನ ಕೊನೆಗೆ ಎಲ್ಲರಿಗೂ ತಲಾ 3 ಎಸ್ಕುಡೊ ಬರುತ್ತದೆ. ಈ 3 ಎಂಬ ಅಂಕಿ ನೆನಪಿನಲ್ಲಿರಲಿ. ಒಂದು ಸುತ್ತಿನಲ್ಲಿ 6 ಕೂಗಿದವರು ಎರಡು ಸುತ್ತಿನ ಆದಾಯವನ್ನು ಒಂದೇ ಉಸಿರಿಗೆ ಖರ್ಚು ಮಾಡಿದಂತೆ.

ಕೊನೆಯ ಲೆಕ್ಕ ಗುಣಾಕಾರದ್ದು. ಒಂದೇ ಬೆಳೆಯ ಚೌಕಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅವೆಲ್ಲ ಸೇರಿ ಒಂದೇ ದೊಡ್ಡ ತೋಟ, ಯಾರದೇ ಇರಲಿ. ಆ ತೋಟದಲ್ಲಿ ಎಷ್ಟು ಚೌಕಗಳಿವೆಯೋ ಅದನ್ನು ಅಲ್ಲಿರುವ ನಿಮ್ಮ ಗುರುತುಗಳಿಂದ ಗುಣಿಸಿದರೆ ನಿಮ್ಮ ಪಾಲು. ಕೈಯಲ್ಲಿ ಉಳಿದ ದುಡ್ಡನ್ನೂ ಅದಕ್ಕೆ ಕೂಡಿಸಬೇಕು. ಹಾಗಾಗಿ ನೆರೆಯವರ ಚೌಕವೂ ನಿಮ್ಮ ತೋಟದ ಬೆಲೆ ಏರಿಸುತ್ತದೆ, ನಿಮ್ಮದು ಅವರದ್ದನ್ನು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಪಟದ ಮೇಲೆ ತಾಗಿಕೊಂಡ ಮೂರು ಬಾಳೆ ಚೌಕಗಳಿವೆ. ಎರಡು ಕೆಂಪು ಬಣ್ಣದವರದು, ಅವುಗಳ ಮೇಲೆ ಒಟ್ಟು 4 ಕೆಂಪು ಗುರುತು. ಒಂದು ಹಸಿರು ಬಣ್ಣದವರದು, 1 ಗುರುತು. ಈಗ ಲೆಕ್ಕ ಹಾಕಿದರೆ ಕೆಂಪಿಗೆ ಮೂರು ನಾಲ್ಕಲಿ 12, ಹಸಿರಿಗೆ 3. ಈ ಸುತ್ತಿನಲ್ಲಿ 2 ಇಳುವರಿಯ ಇನ್ನೊಂದು ಬಾಳೆ ಹರಾಜಿಗೆ ಬಂದಿದೆ. ಅದನ್ನು ಕೆಂಪಿನವರು ಗೆದ್ದು ಪಕ್ಕದಲ್ಲಿ ಇಟ್ಟರೆ ಚೌಕ ನಾಲ್ಕು, ಗುರುತು ಆರು. ಅವರ ಪಾಲು 24. ಹನ್ನೆರಡು ಎಸ್ಕುಡೊ ಏರಿಕೆ. ಹಾಗಾದರೆ 11ರವರೆಗೂ ಕೂಗಬಹುದು ಎಂದು ಹೊಸಬರಿಗೆ ಅನಿಸುತ್ತದೆ. ಇದು ಸುಳ್ಳು ಲೆಕ್ಕ. ಅದೇ ಬಾಳೆಯನ್ನು ಹಸಿರಿನವರು ಗೆದ್ದು ಅಲ್ಲೇ ತಂದು ಇಟ್ಟರೂ ಚೌಕ ನಾಲ್ಕಾಗುತ್ತದೆ. ಹಸಿರಿನ ಪಾಲು 3ರಿಂದ 12ಕ್ಕೆ ಏರುತ್ತದೆ, ಜೊತೆಗೆ ಕೆಂಪಿನ ಪಾಲು ಬಿಡಿಗಾಸು ಖರ್ಚಿಲ್ಲದೆ 16 ಆಗುತ್ತದೆ. ಅಂದಮೇಲೆ ಕೆಂಪಿನವರಿಗೆ ಗೆದ್ದರೆ 24, ಸೋತರೆ 16. ಆ ಚೌಕದ ನಿಜವಾದ ಬೆಲೆ ಅವರಿಗೆ 8 ಮಾತ್ರ. ಅದಕ್ಕಿಂತ ಒಂದು ಎಸ್ಕುಡೊ ಹೆಚ್ಚು ಕೊಟ್ಟರೂ ನಷ್ಟ. ತಾನು ಕೊಳ್ಳದಿದ್ದರೆ ಅದು ಯಾರ ಕೈ ಸೇರುತ್ತದೆ, ಅವರು ಅದನ್ನು ಎಲ್ಲಿ ಇಡುತ್ತಾರೆ ಎಂದು ಊಹಿಸಲಾಗದವರು ಬೆಲೆ ಕಟ್ಟಲಾರರು.

ನಿಜಲೋಕದ ಹರಾಜಿನಲ್ಲೂ ಇದೇ ಗುಂಡಿಗೆ ಬಿದ್ದವರು ಬೇಕಾದಷ್ಟಿದ್ದಾರೆ. 1971ರಲ್ಲಿ ಅಮೆರಿಕದ ಒಂದು ತೈಲ ಕಂಪನಿಯ ಮೂವರು ಎಂಜಿನಿಯರುಗಳು ಒಂದು ಲೇಖನ ಪ್ರಕಟಿಸಿದರು. ಮೆಕ್ಸಿಕೊ ಕೊಲ್ಲಿಯ ಎಣ್ಣೆ ನಿಕ್ಷೇಪಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದಷ್ಟು ಲಾಭ ಬರುತ್ತಿಲ್ಲ ಏಕೆ ಎಂಬುದು ಅವರ ಪ್ರಶ್ನೆ. ಉತ್ತರ ಸರಳ: ಎಲ್ಲರೂ ಅಂದಾಜು ಮಾಡುತ್ತಾರೆ, ಗೆಲ್ಲುವುದು ಅತಿ ಹೆಚ್ಚು ಅಂದಾಜು ಮಾಡಿದವರು, ಅಂದರೆ ಹೆಚ್ಚಾಗಿ ಎಡವಿದವರು. ಅರ್ಥಶಾಸ್ತ್ರದಲ್ಲಿ ಇದನ್ನು ಗೆದ್ದವರ ಶಾಪ ಎನ್ನುತ್ತಾರೆ. ಹರಾಜಿನ ಸಿದ್ಧಾಂತಕ್ಕೆ 2020ರಲ್ಲಿ ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ ನೊಬೆಲ್ ಪಡೆದರಲ್ಲ, ಅವರ ಕೆಲಸದಲ್ಲೂ ಈ ಶಾಪಕ್ಕೆ ದೊಡ್ಡ ಜಾಗವಿದೆ. ಸಾಂತಿಯಾಗೊದಲ್ಲಿ ಆ ಶಾಪಕ್ಕೆ ಇನ್ನೊಂದು ಪೆಟ್ಟು ಸೇರುತ್ತದೆ. ಗೆದ್ದವರ ಕೈಯಲ್ಲಿ ತೋಟವಿದೆ, ಜೇಬು ಖಾಲಿ. ಅದೇ ಹೊತ್ತಿಗೆ ನೀರಿನ ಮಾತು ಶುರುವಾಗುತ್ತದೆ.

ಕಾಲುವೆಯ ಉಸ್ತುವಾರಿ ಹೊತ್ತವರನ್ನು ಇಲ್ಲಿ ನೀರುಗಂಟಿ ಎಂದೇ ಕರೆಯಬಹುದು. ಕೆರೆಯ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ, ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುವ ನೀರುಗಂಟಿಯನ್ನು ಹಳೆ ಮೈಸೂರು ಸೀಮೆಯ ಹಳ್ಳಿಗಳು ತಲೆಮಾರುಗಳಿಂದ ಕಂಡಿವೆ. ಹರಾಜಿನಲ್ಲಿ ಮೊದಲು ಪಾಸ್ ಎಂದವರು ಆ ಸುತ್ತಿನ ನೀರುಗಂಟಿ. ಯಾರೂ ಪಾಸ್ ಎನ್ನದಿದ್ದರೆ ಎಲ್ಲರಿಗಿಂತ ಕಡಿಮೆ ಕೂಗಿದವರು. ಅವರು ಒಂದೇ ಒಂದು ಕಾಲುವೆಯ ತುಂಡು ಹಾಕಬೇಕು, ಅದು ಬುಗ್ಗೆಗೋ ಈಗಾಗಲೇ ಇರುವ ಕಾಲುವೆಗೋ ಕೂಡಿಕೊಂಡಿರಬೇಕು. ಹಾಕುವ ಮುಂಚೆ ಉಳಿದವರು ಒಬ್ಬೊಬ್ಬರಾಗಿ ತಮಗೆ ಬೇಕಾದ ಜಾಗ ತೋರಿಸಿ ದುಡ್ಡು ಒಡ್ಡುತ್ತಾರೆ. ಕೆಂಪಿನವರು ತೆಂಕಣ ಗೆರೆ ತೋರಿಸಿ 2 ಎನ್ನುತ್ತಾರೆ. ಹಳದಿಯವರು ಮೂಡಣ ಗೆರೆಗೆ 2. ಹಸಿರಿನವರ ಬಾಳೆ ಕೆಂಪಿನ ಪಕ್ಕದಲ್ಲೇ ಇದೆಯಲ್ಲ, ಅವರು ಕೆಂಪಿನ ಬೇಡಿಕೆಗೆ ತಮ್ಮದೂ ಒಂದು ಸೇರಿಸಿ ಅದನ್ನು 3 ಮಾಡುತ್ತಾರೆ. ನೀರುಗಂಟಿ ಈ 3ನ್ನು ಒಪ್ಪಿ ಜೇಬಿಗೆ ಹಾಕಿಕೊಳ್ಳಬಹುದು. ಒಪ್ಪದೆ ತಮ್ಮ ತೋಟದ ಕಡೆಗೇ ಕಾಲುವೆ ತಿರುಗಿಸಬಹುದು, ಆದರೆ ಆಗ ಅತಿ ದೊಡ್ಡ ಬೇಡಿಕೆಗಿಂತ ಒಂದು ಹೆಚ್ಚು, ಅಂದರೆ 4, ತಾವೇ ಬ್ಯಾಂಕಿಗೆ ಕಟ್ಟಬೇಕು. ಸಿಗಬಹುದಾಗಿದ್ದ 3 ಹೋಯಿತು, ಕೈಯಿಂದ 4 ಹೋಯಿತು. ಸ್ವಂತಕ್ಕೆ ನೀರು ತಿರುಗಿಸುವುದು ಅಷ್ಟು ದುಬಾರಿ.

ಇದು ಈ ಆಟದ ಅತ್ಯಂತ ಜಾಣತನದ ನಿಯಮ. ಇದೊಂದು ಇಲ್ಲದಿದ್ದರೆ ನೀರುಗಂಟಿ ಸರ್ವಾಧಿಕಾರಿಯಾಗಿಬಿಡುತ್ತಿದ್ದರು. ಈಗ ಅಧಿಕಾರವಿದೆ, ಆದರೆ ಅದನ್ನು ತನಗಾಗಿ ಬಳಸಲು ದಂಡ ತೆರಬೇಕು. ಜೊತೆಗೆ ಇಡೀ ಆಟಕ್ಕೆ ಒಮ್ಮೆ ಮಾತ್ರ ಬಳಸಬಹುದಾದ ಸ್ವಂತ ಕಾಲುವೆಯ ತುಂಡು ಪ್ರತಿಯೊಬ್ಬರ ಬಳಿಯೂ ಇರುತ್ತದೆ. ನೀರುಗಂಟಿ ಕೈಬಿಟ್ಟಾಗ ಅದೇ ಕೊನೆಯ ಆಸರೆ. ಆಡಿ ಪಳಗಿದವರು ಅದನ್ನು ಬೇಗ ಖರ್ಚು ಮಾಡುವುದಿಲ್ಲ. ಅದು ಕೈಯಲ್ಲಿರುವವರೆಗೂ ನೀರುಗಂಟಿಯ ಮುಂದೆ ದನಿ ಗಟ್ಟಿಯಾಗಿರುತ್ತದೆ.

ನೀರು ತಲುಪದ ಪ್ರತಿ ಚೌಕವೂ ಸುತ್ತಿನ ಕೊನೆಗೆ ಒಂದು ಗುರುತು ಕಳೆದುಕೊಳ್ಳುತ್ತದೆ. 2 ಗುರುತಿನ ಬಾಳೆ ಒಂದು ಸುತ್ತು ಬಾಯಾರಿದರೆ 1ಕ್ಕೆ ಇಳಿಯುತ್ತದೆ. ಮತ್ತೂ ಒಂದು ಸುತ್ತು ಹಾಗೇ ಬಿಟ್ಟರೆ ಕೊನೆಯ ಗುರುತೂ ಹೋಗುತ್ತದೆ, ಬರಿ ಬೆಂಗಾಡಾಗಲು ಇನ್ನು ಹೆಚ್ಚು ಹೊತ್ತು ಉಳಿದಿರುವುದಿಲ್ಲ. ಆರು ಎಸ್ಕುಡೊ ಕೊಟ್ಟು ತಂದ ತೋಟ ಹೀಗೆ ಕಣ್ಣೆದುರೇ ಹೋದವರ ಮುಖ ನೋಡಿದರೆ ಇದು ಬರೀ ಮರದ ತುಂಡಿನ ಆಟ ಎಂದು ಯಾರೂ ಹೇಳಲಾರರು.

ಆಟಕ್ಕೂ ನಿಜಕ್ಕೂ ಇರುವ ದೂರ ಇಲ್ಲಿ ಬಹಳ ಕಡಿಮೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಯೋಜನೆಯ ಲೆಕ್ಕದಲ್ಲಿ ಅದು ಹೆಚ್ಚು ಭೂಮಿಗೆ ತೆಳುವಾಗಿ ನೀರು ಹಂಚಬೇಕಾದ ಕಾಲುವೆ, ಕಡಿಮೆ ನೀರು ಬೇಡುವ ಬೆಳೆಗಳೇ ಹೆಚ್ಚಾಗಿರಬೇಕಿತ್ತು. ಮೇಲ್ಭಾಗದವರು ಭತ್ತ ಹಾಕಿದರು. ಕೊನೆಯಂಚಿನ ರಾಯಚೂರು ಸೀಮೆಯ ರೈತರು ನೀರಿಗಾಗಿ ಕಾದು ಕೂತರು. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಈ ಕಾಲುವೆಯ ಮೇಲೆ ಕೂತು ತೂಬು ತೂಬಿನ ರಾಜಕೀಯವನ್ನು ದಾಖಲಿಸಿ 1998ರಲ್ಲಿ ಪ್ರೌಢಪ್ರಬಂಧ ಬರೆದರು. ಸಾಂತಿಯಾಗೊದ ಪಟದ ಮೇಲೆ ಬುಗ್ಗೆಯ ಹತ್ತಿರ ಜಾಗ ಹಿಡಿದವರಿಗೂ ಕಾಲುವೆ ತಲುಪೀತು ಎಂಬ ನಂಬಿಕೆಯಲ್ಲಿ ದೂರದಲ್ಲಿ ತೋಟ ಇಟ್ಟವರಿಗೂ ಇರುವ ವ್ಯತ್ಯಾಸ ಇದೇ.

ಇನ್ನು ನೀರುಗಂಟಿಗೆ ಒಡ್ಡುವ ದುಡ್ಡು. ರಾಬರ್ಟ್ ವೇಡ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಕಾಲುವೆ ನೀರಾವರಿಯಲ್ಲಿನ ಭ್ರಷ್ಟಾಚಾರದ ಬಗ್ಗೆ 1982ರಲ್ಲಿ ಬರೆದ ಲೇಖನ ಇಂದಿಗೂ ಓದಲೇಬೇಕಾದದ್ದು. ನೀರು ಬಿಡಲು ರೈತರಿಂದ ದುಡ್ಡು ಕೀಳುತ್ತಾರೆ ಎಂಬ ಎಲ್ಲರೂ ಬಲ್ಲ ಮಾತನ್ನು ಹೇಳಿ ಅವರು ಸುಮ್ಮನಾಗಲಿಲ್ಲ. ಒಳ್ಳೆಯ ಆದಾಯ ಬರುವ ಕಾಲುವೆಗೆ ವರ್ಗವಾಗಲು ಆ ಹುದ್ದೆಗೇ ಒಂದು ಬೆಲೆ ಇರುತ್ತದೆ, ಕೆಳಗಿನಿಂದ ಬಂದ ದುಡ್ಡು ಮೇಲಕ್ಕೆ ಹರಿಯುವುದು ಆ ಬೆಲೆಯ ಮೂಲಕ ಎಂದು ಅವರು ಬಿಡಿಸಿ ತೋರಿಸಿದರು. ಸಾಂತಿಯಾಗೊದಲ್ಲೂ ಹುದ್ದೆಗೆ ಬೆಲೆಯಿದೆ. ಪಾಸ್ ಎಂದವರು ಒಂದು ಗುರುತು ಬಿಟ್ಟುಕೊಡುತ್ತಾರೆ, ಉಳಿದವರು ಆರಿಸಿ ಬಿಟ್ಟ ತೋಟ ತೆಗೆದುಕೊಳ್ಳುತ್ತಾರೆ. ಆ ಹುದ್ದೆಯಿಂದ ಈ ಸುತ್ತಿನಲ್ಲಿ ಎಷ್ಟು ಹುಟ್ಟೀತು ಎಂದು ಅಂದಾಜು ಮಾಡಿ ಪಾಸ್ ಎನ್ನುವುದು, ಐದು ಎಸ್ಕುಡೊ ಕೂಗುವಷ್ಟೇ ಲೆಕ್ಕದ ಕೆಲಸ. ಮೂರು ಜನರ ತೋಟಗಳು ಬಾಯಾರಿ ನಿಂತಿರುವ ಸುತ್ತಿನಲ್ಲಿ ಪಾಸ್ ಎಂಬುದೇ ಅತಿ ದೊಡ್ಡ ಸವಾಲು.

ಮಕ್ಕಳ ಜೊತೆ ಆಡುವಾಗ ‘ಲಂಚ’ ಎಂಬ ಮಾತು ಬರುತ್ತದಲ್ಲ, ಅದು ಸರಿಯೇ ಎಂದು ಹಲವು ತಾಯಂದಿರು ಕೇಳುತ್ತಾರೆ. ಆ ಮಾತನ್ನು ಮೆತ್ತಗೆ ಮಾಡಿ ‘ಕಾಣಿಕೆ’ ಎನ್ನುವುದಾಗಲಿ ‘ಶುಲ್ಕ’ ಎನ್ನುವುದಾಗಲಿ ಬೇಡ ಎಂಬುದು ಈ ಅಂಕಣದ ಖಚಿತ ಅಭಿಪ್ರಾಯ. ಲಂಚವನ್ನು ಲಂಚ ಎಂದೇ ಕರೆದು ಆಡಲಿ. ಇಲ್ಲಿ ಎಲ್ಲವೂ ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಯಾರು ಎಷ್ಟು ಕೊಟ್ಟರು, ಯಾರ ತೋಟಕ್ಕೆ ನೀರು ಬಂತು, ಕೊಡಲು ಕಾಸಿಲ್ಲದೆ ಯಾರ ತೋಟ ಒಣಗಿತು ಎಂದು ಹತ್ತು ವರ್ಷದ ಮಗುವಿಗೂ ಕಾಣುತ್ತದೆ. ದುಡ್ಡಿಲ್ಲದವರ ಪಾಲಿಗೆ ನೀರು ಹೇಗೆ ದೂರವಾಗುತ್ತದೆ ಎಂಬುದು ಪಾಠಪುಸ್ತಕದ ಸಾಲಿಗಿಂತ ಇಲ್ಲಿ ಬೇಗ ಮನಸ್ಸಿಗೆ ಹತ್ತುತ್ತದೆ. ಆಟ ಮುಗಿದ ಮೇಲೆ ‘ಇದು ಅನ್ಯಾಯ’ ಎಂದು ಮಗು ಮುಖ ಊದಿಸಿಕೊಂಡರೆ ಆ ಮಾತನ್ನು ತಳ್ಳಿಹಾಕದೆ ಮುಂದುವರಿಸಬೇಕು.

ಆ ಅನ್ಯಾಯಕ್ಕೆ ಇತಿಹಾಸದಲ್ಲಿ ಒಂದು ಅಪರೂಪದ ಸಾಕ್ಷಿಯಿದೆ. ಸ್ಪೇನಿನ ಆಗ್ನೇಯ ಮೂಲೆಯಲ್ಲಿ ಮುರ್ಸಿಯಾ ಎಂಬ ಒಣ ಸೀಮೆ. ಅಲ್ಲಿನ ಮೂಲಾ ಎಂಬ ಪಟ್ಟಣದಲ್ಲಿ ಶತಮಾನಗಳ ಕಾಲ ಕಾಲುವೆಯ ನೀರನ್ನೇ ಹರಾಜು ಹಾಕುತ್ತಿದ್ದರು. ನೆಲ ಒಬ್ಬರದು, ನೀರು ಇನ್ನೊಬ್ಬರದು. ವಾರಕ್ಕೊಮ್ಮೆ ರೈತರು ಸೇರಿ, ಇಷ್ಟು ಹೊತ್ತು ಕಾಲುವೆಯ ನೀರು ತನ್ನ ತೋಟಕ್ಕೆ ಎಂದು ಕೂಗಿ ಕೊಳ್ಳಬೇಕಿತ್ತು. ಹಗಲಿನ ನೀರು ಬೇರೆ, ರಾತ್ರಿಯ ನೀರು ಬೇರೆ. 1966ರಲ್ಲಿ ಹರಾಜು ನಿಂತು, ನೆಲಕ್ಕೆ ತಕ್ಕಂತೆ ನೀರು ಹಂಚುವ ಪದ್ಧತಿ ಬಂತು. ಈ ಹಳೆಯ ಲೆಕ್ಕದ ಪುಸ್ತಕಗಳನ್ನು ಅರ್ಥಶಾಸ್ತ್ರಜ್ಞರಾದ ಹಾವಿಯರ್ ಡೊನ್ನ ಮತ್ತು ಹೊಸೆ ಆಂತೋನಿಯೊ ಎಸ್ಪಿನ್ ಸಾಂಚೆಸ್ ಕೂತು ಪರಿಶೀಲಿಸಿದರು. ಯಾರಿಗೆ ನೀರು ಹೆಚ್ಚು ಬೇಕೋ ಅವರೇ ಹೆಚ್ಚು ಕೂಗುತ್ತಾರೆ, ಹಾಗಾಗಿ ಹರಾಜೇ ಸರಿಯಾದ ಹಂಚಿಕೆ ಎಂಬುದು ಅರ್ಥಶಾಸ್ತ್ರದ ಪಠ್ಯಪುಸ್ತಕದ ಮಾತು. ಅವರು ಕಂಡದ್ದು ಬೇರೆ. ಆಪ್ರಿಕಾಟ್ ಮರಗಳಿಗೆ ನೀರು ತೀರಾ ಅಗತ್ಯವಿದ್ದ ತಿಂಗಳುಗಳಲ್ಲಿ ಬಡ ರೈತರ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಫಸಲು ಮಾರಿದ ಮೇಲೆ ದುಡ್ಡು ಬರುವುದು, ಮರ ಬಾಯಾರುವುದು ಅದಕ್ಕೂ ಮುಂಚೆ. ಸಿರಿವಂತ ರೈತರು ಆ ಹೊತ್ತಿಗೆ ನೀರು ಕೊಂಡರು, ಬಡವರು ಬೆಲೆ ಇಳಿಯುವ ದಿನಕ್ಕೆ ಕಾದರು.

ಸಾಂತಿಯಾಗೊ ಆಡುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೊದಲ ಸುತ್ತಿನ ಹರಾಜಿನಲ್ಲೇ ಹತ್ತೂ ಎಸ್ಕುಡೊ ಖರ್ಚು ಮಾಡಿ ಚೆಂದದ ತೋಟ ಹಿಡಿದವರು ಅದೇ ಸುತ್ತಿನ ಕಾಲುವೆಯ ಹೊತ್ತಿಗೆ ಲಂಚಕ್ಕೆ ಒಂದು ನಾಣ್ಯವೂ ಇಲ್ಲದೆ ಕೂರುತ್ತಾರೆ. ತೋಟದ ಬೆಲೆ ಕಾಗದದ ಮೇಲೆ ಎಷ್ಟೇ ಇರಲಿ, ಈ ಹೊತ್ತಿಗೆ ಬೇಕಾದದ್ದು ಚಿಲ್ಲರೆ. ಅದಕ್ಕೇ ಹೊಸಬರಿಗೆ ಒಂದೇ ಒಂದು ಸಲಹೆ ಕೊಡುವುದಾದರೆ ಇದು: ಕಾಲುವೆಯ ಹೊತ್ತಿಗೆ ಕನಿಷ್ಠ ಎರಡು ನಾಣ್ಯ ಕೈಯಲ್ಲಿ ಉಳಿಯುವಂತೆ ಹರಾಜು ಕೂಗಬೇಕು. ಇನ್ನೊಬ್ಬರ ಬೇಡಿಕೆಗೆ ಒಂದು ನಾಣ್ಯ ಸೇರಿಸುವುದೂ ಸಣ್ಣ ಕೆಲಸವಲ್ಲ. ಮೇಲಿನ ಉದಾಹರಣೆಯಲ್ಲಿ ಹಸಿರಿನವರು ಒಂದೇ ನಾಣ್ಯದಿಂದ ಹಳದಿಯವರ ಬೇಡಿಕೆಯನ್ನು ಹಿಂದಕ್ಕೆ ತಳ್ಳಿದ್ದನ್ನು ಗಮನಿಸಿ. ಒಂದೇ ಬೆಳೆಯಲ್ಲಿ ಪಾಲುದಾರರಾದವರು ಹೀಗೆ ನೀರಿನ ಹೊತ್ತಿಗೆ ಒಂದಾಗುತ್ತಾರೆ, ಮುಂದಿನ ಹರಾಜಿನಲ್ಲಿ ಮತ್ತೆ ಎದುರಾಳಿಗಳು. ಒಬ್ಬರೇ ಒಂದು ಬೆಳೆಯನ್ನು ಪೂರ್ತಿ ಹಿಡಿದುಕೊಂಡರೆ ಅವರ ಪರವಾಗಿ ನಾಣ್ಯ ಸೇರಿಸುವವರು ಯಾರೂ ಇರುವುದಿಲ್ಲ. ನೆರೆಯವರಿಗೂ ಒಂದಿಷ್ಟು ಪಾಲು ಬಿಡುವುದು ಇಲ್ಲಿ ಔದಾರ್ಯವಲ್ಲ, ಲೆಕ್ಕಾಚಾರ.

ಆಟಕ್ಕೆ ಕೊರತೆಗಳಿಲ್ಲವೆಂದಲ್ಲ. ಮೂವರೇ ಕೂತರೆ ಲಂಚದ ಪೇಟೆ ಕಟ್ಟುವುದಿಲ್ಲ. ನೀರುಗಂಟಿಯ ಎದುರಿಗೆ ಇಬ್ಬರೇ ಇದ್ದಾಗ ಪೈಪೋಟಿ ಸಪ್ಪೆ. ಹರಾಜಿನಲ್ಲಿ ಕೊನೆಯಲ್ಲಿ ಕೂಗುವವರಿಗೆ ಎಲ್ಲರ ಮೊತ್ತ ನೋಡಿ ಕೂಗುವ ಅನುಕೂಲವಿದೆ. ಅದನ್ನು ಸರಿತೂಗಿಸಲೆಂದೇ ಹಿಂದಿನ ಸುತ್ತಿನ ನೀರುಗಂಟಿಯ ಎಡಗಡೆಯಿಂದ ಕೂಗು ಶುರುವಾಗುತ್ತದೆ, ನೀರುಗಂಟಿ ಕೊನೆಗೆ. ಆದರೂ ಒಬ್ಬರೇ ಸತತವಾಗಿ ಆ ಕುರ್ಚಿಯಲ್ಲಿ ಕೂತುಬಿಟ್ಟರೆ ಉಳಿದವರಿಗೆ ಕಿರಿಕಿರಿ. ಅದಕ್ಕೆ ಮದ್ದು ಸರದಿಯಲ್ಲೇ ಇದೆ: ಅವರಿಗಿಂತ ಮುಂಚೆ ಕೂಗುವ ಯಾರಾದರೂ ಒಬ್ಬರು ಪಾಸ್ ಎಂದರೆ ಸಾಕು, ಕುರ್ಚಿ ಕೈ ಬದಲಾಗುತ್ತದೆ. ಒಂದು ಗುರುತು ಬಿಟ್ಟುಕೊಡಲು ಯಾರೂ ಮುಂದೆ ಬರದಿದ್ದರೆ ಅದು ಮೇಜಿನ ಸುತ್ತ ಕೂತವರೆಲ್ಲರ ಆಯ್ಕೆ.

ನಾಲ್ಕು ಅಥವಾ ಐದು ಜನ ಸೇರಿದಾಗ ಆಟ ನಿಜವಾಗಿ ಅರಳುತ್ತದೆ. ಒಟ್ಟು 45 ತೋಟದ ಚೌಕಗಳಿವೆ. ಐವರಾದರೆ 9 ಸುತ್ತಿಗೆ, ನಾಲ್ವರಾದರೆ 11 ಸುತ್ತಿಗೆ ಆಟ ಮುಗಿಯುತ್ತದೆ. ನಿಯಮ ಹೇಳಿಕೊಡಲು ಹೆಚ್ಚು ಹೊತ್ತು ಬೇಡ, ಆಡಲು ಒಂದು ಗಂಟೆಯ ಮೇಲೆ ಸ್ವಲ್ಪ. ಇದೇ ಹೆಸರನ್ನು ನೆನಪಿಸುವ ‘ಸಾಂತಿಯಾಗೊ ದೆ ಕ್ಯೂಬಾ’ ಎಂಬ ಇನ್ನೊಂದು ಆಟ 2011ರಲ್ಲಿ ಬಂತು. ಅದು ಬೇರೆ ವಿನ್ಯಾಸಕರದು, ಅದರಲ್ಲಿ ಕಾಲುವೆಯೂ ಇಲ್ಲ ನೀರುಗಂಟಿಯೂ ಇಲ್ಲ; ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರು ಸರಿಯಾಗಿ ನೋಡಿಕೊಳ್ಳಬೇಕು. ಹೊಸಬರ ಮೊದಲ ಆಟದಲ್ಲಿ ಲಂಚ ಒಡ್ಡುವ ಹೊತ್ತು ಬಂದಾಗ ಎಲ್ಲರೂ ಸಂಕೋಚದಿಂದ ಸುಮ್ಮನಿರುತ್ತಾರೆ. ಆಗ ಅವಸರ ಮಾಡುವುದು ಬೇಡ. ಎರಡನೆಯ ಸುತ್ತಿಗೆ ಯಾರಾದರೊಬ್ಬರ ಮೆಣಸಿನಕಾಯಿ ಒಣಗುತ್ತದೆ, ಮೂರನೆಯ ಸುತ್ತಿಗೆ ನೀರುಗಂಟಿಯ ಮುಂದೆ ನಾಣ್ಯಗಳು ಬಂದು ಬೀಳತೊಡಗುತ್ತವೆ.